ಗರ್ಭಿಣಿ, ಓಪಿಯಾಯ್ಡ್ ಮತ್ತು ಆಕೆಯ ಊರು: ವೆಸ್ಟ್ ವರ್ಜೀನಿಯಾದಲ್ಲಿ ನನ್ನ ಅನುಭವ

2017ರ ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಆ ವರ್ಷ ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ ಸರಾಸರಿ 7.3 ಕೂಸುಗಳಿಗೆ ಎನ್‌ಎಎಸ್ ಎಂಬ ತೊಂದರೆ ಇತ್ತು. ತಾಯಿ ಬಸಿರಿನಲ್ಲಿ ತೆಗೆದುಕೊಳ್ಳುತ್ತಿದ್ದ ಓಪಿಯಾಯ್ಡ್ (ಅಫೀಮಿನ ಜಾತಿಯ, ಚಟ ಹಿಡಿಸಬಲ್ಲ ನೋವಿನ ಮದ್ದು) ಹೆರಿಗೆಯ ನಂತರ ಕೂಸಿಗೆ ಸಿಗದೆ ಆಗುವ ನರಳಾಟ ಅದು. ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಅದೇ ಲೆಕ್ಕ 1000ಕ್ಕೆ 53.5. ಅಂದರೆ ಏಳು ಪಟ್ಟು. ಇಲ್ಲಿನ ಹೆಂಗಸರು ಉಳಿದವರಿಗಿಂತ ಏಳು ಪಟ್ಟು ಬೇಜವಾಬ್ದಾರಿಗಳು ಅಂತ ಯಾರಾದರೂ ಹೇಳಿದರೆ ನಂಬುತ್ತೀರಾ? ನಾನಂತೂ ನಂಬುವುದಿಲ್ಲ. ಇದೇ ರಾಜ್ಯದ ದಕ್ಷಿಣ ಭಾಗದಲ್ಲಿ, ಕಲ್ಲಿದ್ದಲ ಬೆಟ್ಟಗಳ ನಡುವಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ನವಜಾತ ಶಿಶುಗಳ ಡಾಕ್ಟರ್. ಆ ತಾಯಂದಿರನ್ನು ದಿನಾ ನೋಡುತ್ತೇನೆ. ಅವರ ಊರಿನಲ್ಲಿ ಏನಿದೆ, ಏನಿಲ್ಲ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ನಾವು ಚಿಕಿತ್ಸೆಯನ್ನು ಹೇಗೆ ಬದಲಿಸಿದೆವು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೂಸಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ತಾಯಿಯಿಂದ ಬರುತ್ತಿದ್ದ ಮದ್ದು ನಿಲ್ಲುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಕೂಸು ನಡುಗುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ, ಸೀನುತ್ತದೆ, ಹಾಲು ಸರಿಯಾಗಿ ಚೀಪುವುದಿಲ್ಲ, ನೀರಾಗಿ ಭೇದಿ ಮಾಡುತ್ತದೆ. ತಾಯಿ ತೆಗೆದುಕೊಳ್ಳುತ್ತಿದ್ದದ್ದು ಮೆಥಡೋನ್, ಬ್ಯೂಪ್ರೆನಾರ್ಫಿನ್ (ವ್ಯಸನದ ಚಿಕಿತ್ಸೆಗೆ ಕೊಡುವ ಓಪಿಯಾಯ್ಡ್‌ಗಳು) ಆದರೆ ಇನ್ನೂ ತಡವಾಗಿ ಶುರುವಾಗಬಹುದು. ಹಾಗಾಗಿ ಅಂಥ ಕೂಸುಗಳನ್ನು 4ರಿಂದ 7 ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುತ್ತೇವೆ. ಕೂಸಿನ ಮೈ ಮದ್ದಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೇ. ‘ವ್ಯಸನಿ ಕೂಸು’ ಅಂತ ಪತ್ರಿಕೆಯವರು ಬರೆದಾಗ ನನಗೆ ಸಿಟ್ಟು ಬರುತ್ತದೆ. ಇದು ಚಿಕಿತ್ಸೆಯಿಂದ ಹೋಗುವ ತೊಂದರೆ.

ಇನ್ನೊಂದು ವಿಷಯ. ಬಸುರಿ ಹೆಂಗಸು ಓಪಿಯಾಯ್ಡ್ ಬಿಡಬೇಕು ಅಂದಾಗ ‘ಇವತ್ತೇ ನಿಲ್ಲಿಸಮ್ಮ’ ಅನ್ನುವುದು ಸರಿಯಾದ ವೈದ್ಯವಲ್ಲ. ಹಾಗೆ ನಿಲ್ಲಿಸಿದವರಲ್ಲಿ ಬಹಳಷ್ಟು ಜನ ಮತ್ತೆ ಶುರು ಮಾಡುತ್ತಾರೆ. ಅಷ್ಟರಲ್ಲಿ ಮೈಗೆ ತಾಳುವ ಶಕ್ತಿ ಕಡಿಮೆಯಾಗಿರುತ್ತದೆ, ಹಳೇ ಪ್ರಮಾಣವೇ ಪ್ರಾಣ ತೆಗೆಯುತ್ತದೆ. ಅದಕ್ಕೇ ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರ ಸಲಹೆಯಲ್ಲೂ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಕೊಟ್ಟು ಸ್ಥಿರವಾಗಿ ಇಡುವುದೇ ಮೇಲು ಎಂದಿತು. ಹೇಳುವುದಕ್ಕೆ ಸುಲಭ. ಆ ಮದ್ದು ಆಕೆಯ ಕೈಗೆ ಪ್ರತಿದಿನ ತಲುಪಬೇಕಲ್ಲ, ತಲೆನೋವು ಅಲ್ಲಿಂದ ಶುರು.

ಈ ಬೆಟ್ಟಗಳಿಗೆ ಮಾತ್ರೆ ಬಂದದ್ದು ಹೇಗೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಕಲ್ಲಿದ್ದಲ ಗಣಿಯಲ್ಲಿ ತಗ್ಗು ಸುರಂಗದಲ್ಲಿ ಬಗ್ಗಿಕೊಂಡೇ ಕೆಲಸ ಮಾಡಿದವರಿಗೆ ಸೊಂಟ, ಮಂಡಿ, ಕುತ್ತಿಗೆ ಯಾವುದೂ ನೆಟ್ಟಗಿರುವುದಿಲ್ಲ. ಹೆಂಗಸರು ಜಾಸ್ತಿ ಸೇರುವುದು ವೃದ್ಧರ ಆರೈಕೆ ಕೇಂದ್ರಗಳಿಗೆ. ಅಲ್ಲಿ ರೋಗಿಗಳನ್ನು ಎತ್ತಿ ಎತ್ತಿ ಅವರ ಬೆನ್ನೂ ಹೋಗುತ್ತದೆ. 1996ರಲ್ಲಿ ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ನೋವಿನ ಮಾತ್ರೆ ಬಂತು. ಇದಕ್ಕೆ ಚಟ ಹತ್ತುವುದು ಕಡಿಮೆ ಎಂದು ಪ್ರಚಾರವಾಯಿತು. ಆ ಪ್ರಚಾರ ಸುಳ್ಳು ಎಂದು 2007ರಲ್ಲಿ ಕಂಪನಿ ಕೋರ್ಟಿನಲ್ಲೇ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಮಾತ್ರೆ ಮನೆಮನೆಯ ಕಪಾಟು ಸೇರಿತ್ತು. ಚಾರ್ಲ್‌ಸ್ಟನ್ ಗೆಜೆಟ್-ಮೇಲ್ ಪತ್ರಿಕೆಯ ಎರಿಕ್ ಐರ್ ಹೊರತೆಗೆದ ಅಂಕಿಗಳನ್ನು ಕೇಳಿ: ಆರು ವರ್ಷಗಳಲ್ಲಿ ಈ ರಾಜ್ಯಕ್ಕೆ ಬಂದ ಹೈಡ್ರೋಕೋಡೋನ್, ಆಕ್ಸಿಕೋಡೋನ್ ಎಂಬ ಓಪಿಯಾಯ್ಡ್ ಮಾತ್ರೆಗಳು 78 ಕೋಟಿ. ರಾಜ್ಯದ ಜನಸಂಖ್ಯೆ ಆಗ ಸುಮಾರು 18 ಲಕ್ಷ. ಕರ್ಮಿಟ್ ಎಂಬ 400 ಜನರ ಊರಿನ ಒಂದೇ ಮದ್ದಂಗಡಿಗೆ ಎರಡು ವರ್ಷದಲ್ಲಿ ಸುಮಾರು 90 ಲಕ್ಷ ಮಾತ್ರೆ ಬಂದಿತ್ತು. ಈ ವರದಿಗೆ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆಮೇಲೆ ಮಾತ್ರೆಗೆ ಕಡಿವಾಣ ಬಿತ್ತು, ಹೆರಾಯಿನ್ ಬಂತು, ಅದರ ಹಿಂದೆ ಇನ್ನೂ ಬಲವಾದ ಫೆಂಟನಿಲ್ ಬಂತು.

ಇದೇ ಹೊತ್ತಿನಲ್ಲಿ ಕೆಲಸಗಳು ಹೋದವು. ಮೆಕ್‌ಡೋವೆಲ್ ಕೌಂಟಿಯನ್ನೇ ನೋಡಿ. ಕೌಂಟಿ ಅಂದರೆ ನಮ್ಮ ತಾಲ್ಲೂಕು-ಜಿಲ್ಲೆಗಳ ನಡುವಿನ ಗಾತ್ರದ ಆಡಳಿತದ ಭಾಗ ಅಂದುಕೊಳ್ಳಿ. 1950ರಲ್ಲಿ ಅಲ್ಲಿ ಸುಮಾರು 99 ಸಾವಿರ ಜನ ಇದ್ದರು. 2020ರಲ್ಲಿ 19 ಸಾವಿರ ಚಿಲ್ಲರೆ. ಉಳಿದವರು ಯಾರು? ಹೋಗಲಾಗದವರು, ವಯಸ್ಸಾದವರು, ವಯಸ್ಸಾದವರನ್ನು ನೋಡಿಕೊಳ್ಳಬೇಕಾದವರು. ಹೋದವರ ಜೊತೆ ಬಸ್ಸು, ಅಂಗಡಿ, ಶಾಲೆ, ಡಾಕ್ಟರ್ ಎಲ್ಲವೂ ಒಂದೊಂದಾಗಿ ಹೋದವು.

2019ರ ಜನವರಿಯಲ್ಲಿ ಡಾ. ಸ್ಟೀಫನ್ ಪ್ಯಾಟ್ರಿಕ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 8 ರಾಜ್ಯ, 580 ಕೌಂಟಿ, 2009ರಿಂದ 2015ರವರೆಗಿನ ಹೆರಿಗೆಗಳು. ವರ್ಷಾನುಗಟ್ಟಲೆ ನಿರುದ್ಯೋಗ ಜಾಸ್ತಿ ಇದ್ದ ಕೌಂಟಿಗಳಲ್ಲಿ ಎನ್‌ಎಎಸ್ ಜಾಸ್ತಿ ಇತ್ತು. ಮಾನಸಿಕ ಆರೋಗ್ಯದ ಡಾಕ್ಟರು, ಕೌನ್ಸೆಲರ್‌ಗಳ ಕೊರತೆ ಇದ್ದ ಕೌಂಟಿಗಳಲ್ಲೂ ಜಾಸ್ತಿ. ನಮ್ಮ ವಾರ್ಡಿನಲ್ಲಿ ಇದನ್ನು ಓದಿದಾಗ ಒಬ್ಬ ಹಿರಿಯ ನರ್ಸ್ ‘ಇದನ್ನು ಕಂಡುಹಿಡಿಯೋಕೆ ಇಷ್ಟು ಜನ ಬೇಕಾಯ್ತಾ ಡಾಕ್ಟ್ರೇ’ ಅಂದರು. ನಗು ಬಂತು. ಆದರೂ ಅಂಕಿಯಲ್ಲಿ ಕಂಡಿದ್ದಕ್ಕೆ ಬೆಲೆ ಬೇರೆ. ಆಡಳಿತದವರ ಮುಂದೆ ಇಡುವುದಕ್ಕೆ ಏನೋ ಒಂದು ಸಿಕ್ಕಿತು.

ಇಂಥ ಅಧ್ಯಯನವನ್ನು ಓದುವಾಗ ಎರಡು ವಿಷಯ ನೆನಪಿಡಬೇಕು. ಕೌಂಟಿಯಲ್ಲಿ ನಿರುದ್ಯೋಗ ಇದೆ ಅಂದರೆ ಈ ತಾಯಿಗೆ ಕೆಲಸ ಇಲ್ಲ ಅಂತ ಅರ್ಥವಲ್ಲ. ನಮ್ಮ ತಾಯಂದಿರಲ್ಲಿ ಎಷ್ಟೋ ಜನ ಎರಡೆರಡು ಕಡೆ ದುಡಿಯುತ್ತಾರೆ. ಎರಡನೆಯದು, ಎನ್‌ಎಎಸ್ ಲೆಕ್ಕದೊಳಗೆ ಬೀದಿಯ ಫೆಂಟನಿಲ್ ತೆಗೆದುಕೊಂಡವರ ಕೂಸೂ ಬರುತ್ತದೆ, ಡಾಕ್ಟರು ಕೊಟ್ಟ ಬ್ಯೂಪ್ರೆನಾರ್ಫಿನ್ ತಪ್ಪದೆ ತೆಗೆದುಕೊಂಡವರ ಕೂಸೂ ಬರುತ್ತದೆ. ಚಿಕಿತ್ಸೆ ಚೆನ್ನಾಗಿ ಸಿಗುವ ಊರಿನಲ್ಲಿ ಎನ್‌ಎಎಸ್ ಸಂಖ್ಯೆ ಇಳಿಯಲೇಬೇಕು ಅಂತೇನಿಲ್ಲ. ಆ ಒಂದೇ ಅಂಕಿ ಹಿಡಿದು ಊರಿಗೆ ಮಾರ್ಕ್ಸ್ ಕೊಡುವವರನ್ನು ನಾನು ನಂಬುವುದಿಲ್ಲ.

ಕೌಂಟಿ ಮಟ್ಟದ ಅಂಕಿ ನಮಗೆ ದಾರಿ ತೋರಿಸಿತು. ಆದರೆ ಮುಂದಿನ ವಾರ ಕ್ಲಿನಿಕ್ಕಿಗೆ ಬರುವ ಹೆಂಗಸಿಗೆ ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. ಅದಕ್ಕೆ ನಾವೇ ಒಂದು ಸಾದಾ ಸ್ಪ್ರೆಡ್‌ಶೀಟ್ ಮಾಡಿದೆವು. ನಾನು, ಬಸುರಿಯರ ಕ್ಲಿನಿಕ್ಕಿನ ನರ್ಸ್, ಸೋಷಿಯಲ್ ವರ್ಕರ್, ಮತ್ತು ಪೀರ್ ಕೋಚ್. ಈ ಕೋಚ್ ತಾನೇ ವ್ಯಸನದಿಂದ ಹೊರಬಂದ ಹೆಂಗಸು. ನಮ್ಮಲ್ಲಿ ಅತಿ ಹೆಚ್ಚು ಗೊತ್ತಿದ್ದವರು ಅವರೇ. ಎಷ್ಟು ತೆಗೆದುಕೊಳ್ಳುತ್ತೀರಿ, ಯಾವಾಗಿಂದ, ಸೂಜಿಯಾ ಮಾತ್ರೆಯಾ ಅನ್ನುವ ಪ್ರಶ್ನೆಗಳು ಕೇಸ್‌ಶೀಟಿನಲ್ಲಿ ಮೊದಲೇ ಇದ್ದವು. ನಾವು ಸೇರಿಸಿದ್ದು ಬೇರೆ ಥರದವು. ಇವತ್ತು ಇಲ್ಲಿಗೆ ಹೇಗೆ ಬಂದಿರಿ? ಕಾರು ಯಾರದು? ಅವರು ಕೊಡಲ್ಲ ಅಂದ ದಿನ ಏನು ಮಾಡುತ್ತೀರಿ? ಮನೆಯಲ್ಲಿ ಫೋನ್ ಸಿಗ್ನಲ್ ಬರುತ್ತಾ, ಇಲ್ಲಾ ಮುಖ್ಯ ರಸ್ತೆಗೆ ಬರಬೇಕಾ? ಮದ್ದಂಗಡಿ ಯಾವುದು, ಶನಿವಾರ ತೆರೆದಿರುತ್ತಾ? ಮನೆಯಲ್ಲಿ ಇನ್ಯಾರು ತೆಗೆದುಕೊಳ್ಳುತ್ತಾರೆ? ಕೋರ್ಟಿನಲ್ಲಿ ಏನಾದರೂ ಇದೆಯಾ? ಮುಂದಿನ ತಿಂಗಳೂ ಇದೇ ಮನೆಯಲ್ಲಿ ಇರುತ್ತೀರಾ?

ಈ ಪ್ರಶ್ನೆಗಳನ್ನು ಕೇಳಿದ್ದು ಕೋಚ್. ಫಾರಂ ಕೊಟ್ಟು ತುಂಬಿಸಿಕೊಂಡರೆ ಎಲ್ಲರೂ ‘ತೊಂದರೆ ಇಲ್ಲ’ ಅಂತಲೇ ಬರೆಯುತ್ತಾರೆ. ಕಾಫಿ ಕೊಟ್ಟು ಮಾತಿಗೆ ಕೂರಿಸಿದರೆ ಬೇರೆಯೇ ಹೊರಬರುತ್ತದೆ. ಶೀಟಿನಲ್ಲಿ ಹೆಸರು ಹಾಕಲಿಲ್ಲ, ಕಣಿವೆಯ ಗುರುತು ಮಾತ್ರ. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ 42 ಸಿಎಫ್‌ಆರ್ ಪಾರ್ಟ್ 2 ಎಂಬ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನಿಯಮದ ಬಿಗಿ ಕಾವಲಿದೆ. ಅದಕ್ಕಿಂತ ಹೆಚ್ಚಾಗಿ, ಸಣ್ಣ ಊರಿನಲ್ಲಿ ಬಸುರಿಯ ವಯಸ್ಸು, ಊರು ಎರಡು ಹೇಳಿದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಕೆಲವು ತಿಂಗಳಾದ ಮೇಲೆ ಶೀಟನ್ನು ಒಟ್ಟಿಗೆ ನೋಡಿದೆವು. ಇದೇನು ಸಂಶೋಧನೆಯಲ್ಲ, ನಮ್ಮ ಕೆಲಸಕ್ಕೆ ಮಾಡಿಕೊಂಡದ್ದು. ಕ್ಲಿನಿಕ್ ತಪ್ಪಿಸುವವರು ಯಾರು ಅಂತ ಹುಡುಕಿದಾಗ ಯಾವ ಮದ್ದಿನ ವ್ಯಸನ ಅನ್ನುವುದಕ್ಕಿಂತ ಯಾವ ರಸ್ತೆಯಲ್ಲಿ ಮನೆ ಅನ್ನುವುದು ಜಾಸ್ತಿ ಹೇಳುತ್ತಿತ್ತು. ಒಂದೇ ಕೌಂಟಿಯ ಎರಡು ಕಣಿವೆ. ಒಂದರಿಂದ ಬರುವವರು ತಪ್ಪಿಸುವುದೇ ಇಲ್ಲ. ಇನ್ನೊಂದರಿಂದ ಬರುವವರು ಎರಡು ಸಲಕ್ಕೊಂದು ಸಲ ಬರುವುದಿಲ್ಲ. ನಕ್ಷೆಯಲ್ಲಿ ದೂರ ಹೆಚ್ಚುಕಡಿಮೆ ಒಂದೇ. ಆದರೆ ಎರಡನೇ ಕಣಿವೆಯಲ್ಲಿ ಒಂದೇ ದಾರಿ, ಮಳೆ ಬಂದರೆ ಹಳ್ಳ ಉಕ್ಕಿ ಅದೂ ಮುಚ್ಚುತ್ತದೆ. ಫೋನೂ ಸಿಗುವುದಿಲ್ಲ, ಹಾಗಾಗಿ ‘ಬರೋಕಾಗಲ್ಲ’ ಅಂತ ಹೇಳುವುದಕ್ಕೂ ಆಗುವುದಿಲ್ಲ. ಕಡತದಲ್ಲಿ ಮಾತ್ರ ಇವರು ‘ಸಹಕರಿಸುತ್ತಿಲ್ಲ’.

ಮೆಡಿಕೇಡ್, ಅಂದರೆ ಬಡವರ ಸರ್ಕಾರಿ ವಿಮೆ, ಆಸ್ಪತ್ರೆಗೆ ಹೋಗಿಬರಲು ವಾಹನ ಕೊಡುತ್ತದೆ. ಆದರೆ ಕೆಲವು ದಿನ ಮುಂಚೆ ಕಾದಿರಿಸಬೇಕು. ವ್ಯಸನದಲ್ಲಿರುವ ಹೆಂಗಸು ‘ಇವತ್ತು ಬಿಡ್ತೀನಿ, ಸಹಾಯ ಮಾಡಿ’ ಅಂತ ಫೋನ್ ಮಾಡುವುದು ಮುಂಚಿತವಾಗಿ ಗೊತ್ತಾಗುವ ವಿಷಯವಲ್ಲ. ಅಂಥ ಫೋನ್ ಬಂದ ದಿನವೇ ಆಕೆಯನ್ನು ಕರೆತರಬೇಕು. ನಾಳೆ ಅಂದರೆ ಆಗಲ್ಲ. ಇದಕ್ಕಾಗಿ ಆಸ್ಪತ್ರೆಯ ದಾನದ ಹಣದಲ್ಲಿ ಸ್ವಲ್ಪ ಪೆಟ್ರೋಲ್ ಕಾರ್ಡುಗಳನ್ನು ತೆಗೆದಿಟ್ಟೆವು. ಆಕೆಗಲ್ಲ, ಕರೆತರುವ ಅಕ್ಕಪಕ್ಕದವರಿಗೆ. ನಮ್ಮ ಖರ್ಚುಗಳಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಕೆಲಸ ಮಾಡಿದ್ದು ಬೇರೊಂದಿಲ್ಲ.

ಇನ್ನು ಮದ್ದಿನ ಆಯ್ಕೆ. ಮೆಥಡೋನ್ ಒಳ್ಳೆಯ ಮದ್ದು, ದಶಕಗಳಿಂದ ಬಸುರಿಯರಿಗೆ ಕೊಟ್ಟು ಗೊತ್ತಿದೆ. ಆದರೆ ವ್ಯಸನದ ಚಿಕಿತ್ಸೆಗೆ ಅದನ್ನು ಮದ್ದಂಗಡಿಯಲ್ಲಿ ಕೊಡುವಂತಿಲ್ಲ. ಅದಕ್ಕೇ ಲೈಸೆನ್ಸ್ ಇರುವ ಕ್ಲಿನಿಕ್ಕಿಗೆ ಹೋಗಬೇಕು, ಶುರುವಿನಲ್ಲಿ ಹೆಚ್ಚುಕಡಿಮೆ ಪ್ರತಿದಿನ. ವೆಸ್ಟ್ ವರ್ಜೀನಿಯಾ 2007ರಲ್ಲಿ ಹೊಸ ಮೆಥಡೋನ್ ಕ್ಲಿನಿಕ್ ತೆರೆಯುವುದನ್ನೇ ನಿಲ್ಲಿಸಿತು. ಬೆಟ್ಟದ ಆ ಕಡೆ ಕ್ಲಿನಿಕ್, ಈ ಕಡೆ ಏಳು ತಿಂಗಳ ಬಸುರಿ, ಬೆಳಿಗ್ಗೆ ಐದಕ್ಕೆ ಹೊರಡಬೇಕು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮೈ ಮದ್ದನ್ನು ಬೇಗ ಕರಗಿಸುತ್ತದೆ. ಆಗ ದಿನಕ್ಕೆ ಎರಡು ಪಾಲು ಮಾಡಿ ಕೊಡಬೇಕಾಗುತ್ತದೆ. ಎರಡನೇ ಪಾಲನ್ನು ಮನೆಗೆ ಕೊಡಲು ಕ್ಲಿನಿಕ್ ಒಪ್ಪದಿದ್ದರೆ ಅದೂ ಆಗುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಮನೆಗೆ ಮದ್ದು ಕೊಡುವ ಫೆಡರಲ್ ನಿಯಮ ಸಡಿಲವಾಯಿತು, 2024ರಲ್ಲಿ ಆ ಸಡಿಲಿಕೆ ಕಾಯಂ ಆಯಿತು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು.

ಬ್ಯೂಪ್ರೆನಾರ್ಫಿನ್ ಮದ್ದಂಗಡಿಯಲ್ಲೇ ಸಿಗುತ್ತದೆ, ನಾಲಗೆಯಡಿ ಇಟ್ಟುಕೊಳ್ಳುವುದು. 2010ರ ಡಿಸೆಂಬರಿನಲ್ಲಿ ಪ್ರಕಟವಾದ ಮದರ್ ಎಂಬ ಪ್ರಯೋಗದಲ್ಲಿ ಈ ಮದ್ದು ತೆಗೆದುಕೊಂಡ ತಾಯಂದಿರ ಕೂಸುಗಳಿಗೆ, ಮೆಥಡೋನ್ ತಾಯಂದಿರ ಕೂಸುಗಳಿಗಿಂತ, ನರಳಾಟ ತಗ್ಗಿಸಲು 89 ಶೇಕಡಾ ಕಡಿಮೆ ಮಾರ್ಫಿನ್ ಸಾಕಾಯಿತು. ಆಸ್ಪತ್ರೆಯಲ್ಲಿದ್ದ ದಿನಗಳು 43 ಶೇಕಡಾ ಕಡಿಮೆ. ಆದರೆ ಅದೇ ಪ್ರಯೋಗದಲ್ಲಿ ಬ್ಯೂಪ್ರೆನಾರ್ಫಿನ್ ಬಿಟ್ಟುಹೋದ ತಾಯಂದಿರು ಜಾಸ್ತಿ. ಯಾರಿಗೆ ಯಾವುದು ಅಂತ ಪುಸ್ತಕ ನೋಡಿ ತೂಗಬಹುದು. ನಮ್ಮಲ್ಲಿ ಆ ತೂಕವನ್ನು ಬಹುತೇಕ ಸಲ ರಸ್ತೆಯೇ ಮಾಡಿಬಿಡುತ್ತದೆ.

ಹಾಗಾಗಿ ಬ್ಯೂಪ್ರೆನಾರ್ಫಿನ್ ಅನ್ನು ಬಸುರಿಯರ ಕ್ಲಿನಿಕ್ಕಿನೊಳಗೇ ತಂದೆವು. ಹೊಟ್ಟೆ ಅಳೆಯುವುದು, ಸ್ಕ್ಯಾನ್, ಮದ್ದಿನ ಚೀಟಿ, ಕೋಚ್ ಜೊತೆ ಮಾತು, ಎಲ್ಲ ಒಂದೇ ಬೆಳಿಗ್ಗೆ. ಮೊದಲು ಈ ಮದ್ದು ಬರೆಯಲು ಡಾಕ್ಟರಿಗೆ ಎಕ್ಸ್-ವೇವರ್ ಎಂಬ ವಿಶೇಷ ಅನುಮತಿ ಬೇಕಿತ್ತು. 2022ರ ಡಿಸೆಂಬರಿನಲ್ಲಿ ಸಹಿಯಾದ ಕಾನೂನು ಅದನ್ನು ತೆಗೆದುಹಾಕಿತು. ಎಲ್ಲರೂ ಬರೆಯಲು ಶುರು ಮಾಡುತ್ತಾರೆ ಅಂದುಕೊಂಡಿದ್ದೆವು. ಅನುಮತಿ ಬೇಡವಾಯಿತು, ಆದರೆ ಧೈರ್ಯ ಬರಲಿಲ್ಲ. ‘ಬಸುರಿ ಮತ್ತು ವ್ಯಸನ, ಎರಡೂ ಒಟ್ಟಿಗೆ ನನಗೆ ಬೇಡಪ್ಪ’ ಅನ್ನುವ ಡಾಕ್ಟರುಗಳು ಈಗಲೂ ಇದ್ದಾರೆ. ಪ್ರಸೂತಿ ಡಾಕ್ಟರ್ ವ್ಯಸನದ ತಜ್ಞರತ್ತ ಕೈ ತೋರಿಸುತ್ತಾರೆ, ತಜ್ಞರು ಪ್ರಸೂತಿಯತ್ತ. ಮಧ್ಯೆ ಆಕೆ ಮನೆಗೆ ಹೋಗುತ್ತಾಳೆ.

ಈಗ ಮದ್ದಂಗಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಇದನ್ನು ಯಾರೂ ನಿರೀಕ್ಷಿಸುವುದಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಕ್ಲಿನಿಕ್ ಒಬ್ಬ ಹುಡುಗಿಗೆ ಚೀಟಿ ಬರೆದುಕೊಟ್ಟಿತು. ಆಕೆಯ ಊರಿನ ಮದ್ದಂಗಡಿಯಲ್ಲಿ ‘ಸ್ಟಾಕ್ ಇಲ್ಲ, ಮಂಗಳವಾರ ಬರಬಹುದು’ ಅಂದರು. ಮುಂದಿನ ಊರಿನಲ್ಲಿ ‘ಹೊಸ ರೋಗಿಗಳಿಗೆ ಕೊಡಲ್ಲ’ ಅಂದರು. ಮತ್ತೊಂದು ಕಡೆ ‘ಚೀಟಿ ಬರೆದ ಡಾಕ್ಟರು ಬೇರೆ ಕೌಂಟಿಯವರು’ ಅಂತ ನೆಪ. ಮಂಗಳವಾರದವರೆಗೆ ಮದ್ದಿಲ್ಲದೆ ಇರಲು ಆಕೆಗೆ ಆಗಲಿಲ್ಲ. ಫೆಂಟನಿಲ್ ಮಾತ್ರ ಅಕ್ಕಪಕ್ಕದಲ್ಲೇ ಇತ್ತು, ಚೀಟಿಯೂ ಬೇಕಿರಲಿಲ್ಲ. ಆಕೆ ಬದುಕಿದಳು, ಕೂಸೂ ಬದುಕಿತು.

ಅಂಗಡಿಯವರನ್ನು ಬೈಯುವುದು ಸುಲಭ. ಅವರ ಜೊತೆ ಕೂತು ಮಾತಾಡಿದಾಗ ಅವರ ಕಷ್ಟ ಗೊತ್ತಾಯಿತು. ಕೋಟಿಗಟ್ಟಲೆ ಮಾತ್ರೆ ಹರಿದ ಹಗರಣದ ನಂತರ ಸಗಟು ಕಂಪನಿಗಳು ನಿಯಂತ್ರಿತ ಮದ್ದುಗಳಿಗೆ ಮಿತಿ ಹಾಕಿವೆ. ಮಿತಿ ದಾಟಿದರೆ ಅನುಮಾನದ ಆರ್ಡರ್ ಅಂತ ವರದಿಯಾಗುತ್ತದೆ. ಆ ಲೆಕ್ಕದಲ್ಲಿ ಚಟ ಹಿಡಿಸಿದ ಮಾತ್ರೆಯೂ ಒಂದೇ, ಚಟ ಬಿಡಿಸುವ ಬ್ಯೂಪ್ರೆನಾರ್ಫಿನ್ನೂ ಒಂದೇ. ಸಣ್ಣ ಅಂಗಡಿಯವನು ಹೆದರುತ್ತಾನೆ. ಹಳೆಯ ಕಾಯಿಲೆಗೆ ಮಾಡಿದ ಕಟ್ಟುಪಾಡು ಹೊಸ ಮದ್ದಿಗೇ ಅಡ್ಡ ನಿಂತಿದೆ.

ನಾವು ಮಾಡಿದ್ದು ಇಷ್ಟೇ. ನರ್ಸ್ ಸುತ್ತಲಿನ ಎಲ್ಲ ಮದ್ದಂಗಡಿಗಳಿಗೆ ಫೋನ್ ಮಾಡಿ ಒಂದು ಪಟ್ಟಿ ಮಾಡಿದರು. ಯಾರು ಇಟ್ಟಿರುತ್ತಾರೆ, ಎಷ್ಟು, ಯಾವ ದಿನ ಮಾಲು ಬರುತ್ತದೆ, ಬಸುರಿಯರಿಗೆ ಮೊದಲು ಕೊಡಲು ಒಪ್ಪುತ್ತಾರಾ. ಬಸುರಿಯರ ಚಿಕಿತ್ಸೆ ಇದು ಅಂತ ನಾವೇ ಬರೆದು ಸಹಿ ಮಾಡಿದ ಪತ್ರವನ್ನು ಅಂಗಡಿಗಳಿಗೆ ಕೊಟ್ಟೆವು. ತನಿಖೆ ಬಂದರೆ ತೋರಿಸಲು ಅವರಿಗೂ ಒಂದು ಕಾಗದ ಇರಲಿ ಅಂತ. ಚೀಟಿ ಬರೆಯುವ ಮುಂಚೆಯೇ ಅಂಗಡಿಗೆ ಫೋನ್ ಹೋಗುತ್ತದೆ. ಹೊಸಬರಿಗೆ ಶುಕ್ರವಾರ ಮದ್ದು ಶುರು ಮಾಡುವುದನ್ನು ಆದಷ್ಟು ಬಿಟ್ಟೆವು, ಶುರು ಮಾಡಲೇಬೇಕಾದರೆ ವಾರಾಂತ್ಯದ ಮದ್ದು ಕೈಗೆ ಸಿಗುವವರೆಗೆ ಆಕೆಯನ್ನು ಕಳಿಸುವುದಿಲ್ಲ.

ಭಯದ ವಿಷಯಕ್ಕೆ ಬರುತ್ತೇನೆ. ಬಸುರಿ ಕ್ಲಿನಿಕ್ಕಿಗೆ ಬಾರದೆ ಇರಲು ರಸ್ತೆ ಒಂದು ಕಾರಣವಾದರೆ ‘ಮಗುವನ್ನು ಕಿತ್ತುಕೊಳ್ಳುತ್ತಾರೆ’ ಅನ್ನುವ ಭಯ ಇನ್ನೊಂದು. ಇಲ್ಲಿಗೆ ದೂರವಲ್ಲದ ಟೆನೆಸ್ಸಿ ರಾಜ್ಯ 2014ರಲ್ಲಿ ಬಸಿರಿನಲ್ಲಿ ಡ್ರಗ್ಸ್ ತೆಗೆದುಕೊಂಡು ಕೂಸಿಗೆ ತೊಂದರೆಯಾದರೆ ತಾಯಿಯ ಮೇಲೆ ಕ್ರಿಮಿನಲ್ ಕೇಸ್ ಹಾಕುವ ಕಾನೂನು ತಂದಿತು. 2016ರಲ್ಲಿ ಅದರ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಆದರೆ ಸುದ್ದಿಗೆ ರಾಜ್ಯದ ಗಡಿ ಇರುವುದಿಲ್ಲ, ಅವಧಿಯೂ ಇರುವುದಿಲ್ಲ. ಎಷ್ಟೋ ವರ್ಷ ಕಳೆದ ಮೇಲೂ ನಮ್ಮ ಕ್ಲಿನಿಕ್ಕಿನಲ್ಲಿ ‘ನನ್ನನ್ನು ಜೈಲಿಗೆ ಹಾಕ್ತಾರಾ?’ ಅಂತ ಕೇಳಿದವರಿದ್ದಾರೆ.

ಫೆಡರಲ್ ಕಾನೂನಿನ ಪ್ರಕಾರ ಇಂಥ ಕೂಸು ಹುಟ್ಟಿದಾಗ ‘ಸುರಕ್ಷಿತ ಆರೈಕೆ ಯೋಜನೆ’ ಬರೆಯಬೇಕು. ಕೂಸನ್ನು ಯಾರು ನೋಡಿಕೊಳ್ಳುತ್ತಾರೆ, ತಾಯಿಯ ಚಿಕಿತ್ಸೆ ಎಲ್ಲಿ, ಮನೆಯಲ್ಲಿ ಏನು ಬೇಕು, ಇಂಥವು. ಸಾಮಾನ್ಯವಾಗಿ ಇದನ್ನು ಹೆರಿಗೆಯ ಮಾರನೇ ದಿನ, ಹೊಲಿಗೆ ನೋಯುತ್ತಿರುವಾಗ, ಅಪರಿಚಿತರೊಬ್ಬರು ಬಂದು ಬರೆಯುತ್ತಾರೆ. ನಾವು ಇದನ್ನು ಏಳನೇ ತಿಂಗಳಿಗೆ ತಂದೆವು. ಸೋಷಿಯಲ್ ವರ್ಕರ್ ಆಕೆಯ ಜೊತೆ ಕೂತು ಬರೆಯುತ್ತಾರೆ. ನನ್ನನ್ನೂ ಆಗಲೇ ಪರಿಚಯ ಮಾಡಿಸುತ್ತಾರೆ. ವಾರ್ಡಿನಲ್ಲಿ ಏನೇನಾಗುತ್ತದೆ, ಯಾರಿಗೆ ವರದಿ ಹೋಗುತ್ತದೆ, ವರದಿಯಲ್ಲಿ ಏನಿರುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ‘ಏನೂ ಆಗಲ್ಲ’ ಅಂತ ಸಮಾಧಾನ ಹೇಳುವುದಿಲ್ಲ. ಅದು ನನ್ನ ಕೈಯಲ್ಲಿಲ್ಲ. ಆಕೆಗೆ ಗೊತ್ತಿಲ್ಲದೆ ಮೂತ್ರ ಪರೀಕ್ಷೆಯನ್ನೂ ಮಾಡುವುದಿಲ್ಲ. ಒಮ್ಮೆ ಕದ್ದು ಪರೀಕ್ಷೆ ಮಾಡಿದರೆ ಆ ಕಣಿವೆಯಿಂದ ಇನ್ನಾರೂ ಬರುವುದಿಲ್ಲ.

ಕೋರ್ಟಿನದ್ದು ಬೇರೆಯೇ ತಲೆನೋವು. ಪ್ರೊಬೇಷನ್ ಮೇಲಿರುವ, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾದಲ್ಲಿರುವ ಹೆಂಗಸಿಗೆ ‘ಬ್ಯೂಪ್ರೆನಾರ್ಫಿನ್ ಕೂಡ ಡ್ರಗ್ಸೇ, ಅದನ್ನೂ ಬಿಡು’ ಅಂತ ಹೇಳಿದ ಅಧಿಕಾರಿಗಳಿದ್ದರು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ, ಡಾಕ್ಟರು ಬರೆದುಕೊಟ್ಟ ಇಂಥ ಮದ್ದನ್ನು ಬಿಡಲು ಒತ್ತಾಯಿಸುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧವಾಗಬಹುದು ಎಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರತಿ ನಮ್ಮ ಸೋಷಿಯಲ್ ವರ್ಕರ್ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಜಗಳ ಮಾಡದೆ ಪ್ರತಿ ಕೊಟ್ಟು ಬರುತ್ತಾರೆ, ಬಹಳ ಸಲ ಅಷ್ಟೇ ಸಾಕಾಗಿದೆ.

ಚರ್ಚುಗಳ ವಿಷಯದಲ್ಲಿ ನನಗೆ ಎರಡು ಮನಸ್ಸು. ಇಲ್ಲಿ ಊಟ, ಡಯಾಪರ್, ತೊಟ್ಟಿಲು, ಕಾರಿನಲ್ಲಿ ಕರೆದೊಯ್ಯುವವರು, ಎಲ್ಲ ಸಿಗುವುದು ಚರ್ಚಿನಿಂದಲೇ. ಸರ್ಕಾರಿ ಕಚೇರಿ ಮುಚ್ಚಿದ ಊರಿನಲ್ಲೂ ಚರ್ಚು ತೆರೆದಿದೆ. ಅದೇ ಜಾಗದಲ್ಲಿ ‘ಒಂದು ಚಟ ಬಿಟ್ಟು ಇನ್ನೊಂದು ಹಿಡಿದಿದ್ದೀಯ’ ಅನ್ನುವ ಮಾತೂ ಕೇಳಬೇಕಾಗುತ್ತದೆ. ನಾವು ಕೆಲವು ಪಾದ್ರಿಗಳನ್ನು ವಾರ್ಡಿಗೆ ಕರೆದು ಕೂಸುಗಳನ್ನು ಎತ್ತಿ ಆಡಿಸುವ ಸ್ವಯಂಸೇವಕರ ಕೆಲಸಕ್ಕೆ ಹಚ್ಚಿದೆವು. ಭಾಷಣದಿಂದ ಆಗದ್ದು ಅದರಿಂದ ಸ್ವಲ್ಪ ಆಯಿತು. ಎಲ್ಲರಲ್ಲೂ ಅಲ್ಲ.

ಮನೆಯೊಳಗಿನದ್ದು ಎಲ್ಲಕ್ಕಿಂತ ಕಷ್ಟ. ಗಂಡನೋ ಗೆಳೆಯನೋ ಇನ್ನೂ ತೆಗೆದುಕೊಳ್ಳುತ್ತಿದ್ದರೆ, ಆ ಮನೆ ಬಿಟ್ಟರೆ ಆಕೆಗೆ ಬೇರೆ ಸೂರು ಇಲ್ಲದಿದ್ದರೆ, ನನ್ನ ಮದ್ದು ಎಷ್ಟು ದಿನ ನಿಂತೀತು? ಚೇತರಿಕೆಯ ವಸತಿಗೃಹಗಳು ಇವೆ. ಆದರೆ ಬಸುರಿಯರನ್ನು ತೆಗೆದುಕೊಳ್ಳದವು, ದೊಡ್ಡ ಮಗು ಜೊತೆಗಿದ್ದರೆ ಬೇಡ ಅನ್ನುವವು, ಬ್ಯೂಪ್ರೆನಾರ್ಫಿನ್ ಇದ್ದರೆ ಬಾಗಿಲು ಹಾಕುವವು, ಇವನ್ನೆಲ್ಲ ತೆಗೆದರೆ ಉಳಿಯುವುದು ಬೆರಳೆಣಿಕೆ. ಗಂಡನಿಗೂ ಅದೇ ದಿನ, ಅದೇ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಶುರು ಮಾಡಿದ್ದು ನಮ್ಮ ಕೈಲಾದ ಒಂದು ಉಪಾಯ. ‘ಅವನು ನಮ್ಮ ರೋಗಿ ಅಲ್ಲ’ ಅಂತ ಆಡಳಿತದವರು ತಕರಾರು ತೆಗೆದಿದ್ದರು. ಕೂಸು ಆ ಮನೆಗೇ ತಾನೇ ಹೋಗುವುದು?

ಹೆರಿಗೆಯಾದ ಮೇಲೆ ನನ್ನ ವಾರ್ಡ್. 1975ರಿಂದ ಬಳಕೆಯಲ್ಲಿರುವ ಫಿನ್ನೆಗನ್ ಸ್ಕೋರಿನಲ್ಲಿ 21 ಲಕ್ಷಣಗಳಿಗೆ ಅಂಕ ಕೊಟ್ಟು, ಅಂಕ ಏರಿದರೆ ಮಾರ್ಫಿನ್ ಕೊಡುತ್ತಿದ್ದೆವು. ಈಗ ಕೇಳುವುದು ಮೂರೇ: ಕೂಸು ಹಾಲು ಕುಡಿಯುತ್ತಾ, ಒಂದು ಗಂಟೆ ನಿದ್ದೆ ಮಾಡುತ್ತಾ, ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತಾ? ಆಗುತ್ತಿದ್ದರೆ ಮಾರ್ಫಿನ್ ಬೇಡ. 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ರೀತಿ ನೋಡಿಕೊಂಡ ಕೂಸುಗಳು ಸರಾಸರಿ 8.2 ದಿನಕ್ಕೆ ಮನೆಗೆ ಹೋಗಲು ತಯಾರಾದವು, ಹಳೆ ರೀತಿಯಲ್ಲಿ 14.9 ದಿನ. ಮದ್ದು ಬೇಕಾದದ್ದು 19.5 ಶೇಕಡಾ ಕೂಸುಗಳಿಗೆ, ಹಳೆ ರೀತಿಯಲ್ಲಿ 52 ಶೇಕಡಾ.

ಈ ವಿಧಾನದಲ್ಲಿ ಮುಖ್ಯ ಮದ್ದು ತಾಯಿಯ ಮಡಿಲು. ತಾಯಿ ಅಲ್ಲೇ ಇರಬೇಕು, ಎದೆಗೆ ಹಚ್ಚಿಕೊಳ್ಳಬೇಕು, ಕತ್ತಲ ಕೋಣೆಯಲ್ಲಿ ತೂಗಬೇಕು. ಮೆಥಡೋನ್, ಬ್ಯೂಪ್ರೆನಾರ್ಫಿನ್ ಮೇಲೆ ಸ್ಥಿರವಾಗಿರುವ ತಾಯಿ ಎದೆಹಾಲು ಕೊಡಬಹುದು, ಕೊಡುವುದು ಒಳ್ಳೆಯದು. ಆದರೆ ತಾಯಿ ಡಿಸ್ಚಾರ್ಜ್ ಆದ ಮೇಲೆ ಎಲ್ಲಿರುತ್ತಾಳೆ? ಮನೆ ದೂರ, ದೊಡ್ಡ ಮಕ್ಕಳು ಮನೆಯಲ್ಲಿ, ಹೆರಿಗೆ ರಜೆ ಕೊಡದ ಕೆಲಸ. ಹತ್ತಿರದ ಊರಿನ ತಾಯಿಯ ಕೂಸು ಬೇಗ ಮನೆಗೆ ಹೋಗುತ್ತದೆ, ದೂರದ ಕಣಿವೆಯ ಕೂಸು ಮಾರ್ಫಿನ್ ಮೇಲೆ ಇರುತ್ತದೆ. ಇಬ್ಬರೂ ಬಸಿರಿನಲ್ಲಿ ತೆಗೆದುಕೊಂಡದ್ದು ಒಂದೇ ಮದ್ದು, ಒಂದೇ ಪ್ರಮಾಣ. ಹೆರಿಗೆ ವಾರ್ಡಿನಲ್ಲಿ ಖಾಲಿ ಇರುವ ಕೋಣೆಗಳನ್ನು ಇಂಥ ತಾಯಂದಿರಿಗೆ ಬಿಟ್ಟುಕೊಡಿ ಅಂತ ಕೇಳಿದೆವು. ತಾಯಿ ರೋಗಿಯಲ್ಲ, ಸುಮ್ನೆ ಅತಿಥಿಯಾಗಿ ಇರುತ್ತಾಳೆ, ಊಟ ಆಸ್ಪತ್ರೆಯದ್ದು. ಒಪ್ಪಿಸಲು ತುಂಬಾ ಹೊತ್ತು ಹಿಡಿಯಿತು. ಕೊನೆಗೆ ಒಪ್ಪಿಸಿದ್ದು ಕರುಣೆಯ ಮಾತಲ್ಲ. ಕೂಸು ಒಂದು ದಿನ ಹೆಚ್ಚು ಇದ್ದರೆ ಆಗುವ ಖರ್ಚಿನ ಲೆಕ್ಕ ತೋರಿಸಿದಾಗ ಒಪ್ಪಿದರು.

ಕೂಸು ಮನೆಗೆ ಹೋದ ಮೇಲೆ ಎಲ್ಲರಿಗೂ ನಿರಾಳ. ಅಪಾಯ ಶುರುವಾಗುವುದು ಆಗಲೇ. ಮ್ಯಾಸಚೂಸೆಟ್ಸ್ ರಾಜ್ಯದ ಅಂಕಿಗಳನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಸನವಿದ್ದ ತಾಯಂದಿರ ಓವರ್‌ಡೋಸ್ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅತಿ ಕಡಿಮೆ, ಹೆರಿಗೆಯಾದ 7ರಿಂದ 12ನೇ ತಿಂಗಳಲ್ಲಿ ಅತಿ ಹೆಚ್ಚು ಇತ್ತು. ನಿದ್ದೆ ಇಲ್ಲ, ಕ್ಲಿನಿಕ್ ಇಲ್ಲ, ವಿಚಾರಿಸುವವರಿಲ್ಲ. ಬಸಿರಿನ ಕಾರಣಕ್ಕೆ ಸಿಕ್ಕ ಮೆಡಿಕೇಡ್ ಮೊದಲು ಹೆರಿಗೆಯಾದ 60 ದಿನಕ್ಕೆ ನಿಲ್ಲಬಹುದಿತ್ತು. 2021ರ ಫೆಡರಲ್ ಕಾನೂನು ಅದನ್ನು 12 ತಿಂಗಳಿಗೆ ಹಿಗ್ಗಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು, ನಮ್ಮ ರಾಜ್ಯ ಅದನ್ನು ಬಳಸಿಕೊಂಡಿತು. ನಾವು ಕೂಸಿನ ಲಸಿಕೆಯ ದಿನವೇ ತಾಯಿಯ ಮದ್ದಿನ ಚೀಟಿ ಬರೆಯುವಂತೆ ಮಾಡಿದೆವು. ತನಗಾಗಿ ಬಾರದ ತಾಯಿ ಕೂಸಿನ ಲಸಿಕೆಗೆ ಬರುತ್ತಾಳೆ. ಮನೆಗೆ ಕಳಿಸುವಾಗ ಓವರ್‌ಡೋಸ್ ಆದವರನ್ನು ಉಳಿಸುವ ನ್ಯಾಲಾಕ್ಸೋನ್ ಸ್ಪ್ರೇ ಕೊಟ್ಟು, ಅಜ್ಜಿಗೋ ಅಕ್ಕನಿಗೋ ಹೇಗೆ ಹಾಕಬೇಕು ಅಂತ ತೋರಿಸುತ್ತೇವೆ. ಓವರ್‌ಡೋಸ್ ಆದವಳು ತನಗೆ ತಾನೇ ಹಾಕಿಕೊಳ್ಳಲು ಆಗುವುದಿಲ್ಲವಲ್ಲ.

ಆಗದೆ ಉಳಿದದ್ದೂ ಬಹಳ ಇದೆ. ಫೋನಿನಲ್ಲೇ ಡಾಕ್ಟರನ್ನು ನೋಡುವ ವ್ಯವಸ್ಥೆ ಸಿಗ್ನಲ್ ಇದ್ದವರಿಗೆ ಮಾತ್ರ ದಕ್ಕಿತು. ಅವರಿಗೆ ಮೊದಲೂ ಅಷ್ಟು ಕಷ್ಟ ಇರಲಿಲ್ಲ. ಕೌನ್ಸೆಲರ್ ಹುದ್ದೆಗೆ ಜಾಹೀರಾತು ಹಾಕಿದರೆ ಈ ಬೆಟ್ಟಕ್ಕೆ ಬರುವವರಿಲ್ಲ, ಬಂದವರು ನಿಲ್ಲುವುದಿಲ್ಲ. ಹಳ್ಳಿಕಡೆಯ ಆಸ್ಪತ್ರೆಗಳಲ್ಲಿ ಹೆರಿಗೆ ವಾರ್ಡುಗಳೇ ಮುಚ್ಚುತ್ತಿವೆ. ಕೆಲಸ ಇಲ್ಲದ ಊರಿಗೆ ಕೆಲಸ ತರುವುದು ಆಸ್ಪತ್ರೆಯಿಂದ ಆಗುವ ಮಾತಲ್ಲ. ಕೋಚ್‌ಗಳಾಗಿ ಇಲ್ಲಿನ ತಾಯಂದಿರನ್ನೇ ಸಂಬಳ ಕೊಟ್ಟು ತೆಗೆದುಕೊಂಡೆವು, ಅಷ್ಟೇ.

ಇಂಥ ಕೆಲಸ ಶುರು ಮಾಡುವವರು ದೊಡ್ಡ ಯೋಜನೆ ಬರೆಯುತ್ತಾ ಕೂರಬೇಡಿ. ಮದ್ದಂಗಡಿಗಳ ಪಟ್ಟಿಯಿಂದ ಶುರು ಮಾಡಿ. ಒಂದು ಫೋನ್, ಒಬ್ಬ ತಾಳ್ಮೆಯ ನರ್ಸ್, ಎರಡು ಮಧ್ಯಾಹ್ನ ಸಾಕು. ಆದರೆ ಮೂರು ತಿಂಗಳಿಗೊಮ್ಮೆ ಅದನ್ನು ಹೊಸದಾಗಿ ಮಾಡಬೇಕಾಗುತ್ತದೆ, ಅಂಗಡಿಗಳು ಅಷ್ಟು ಬೇಗ ಮುಚ್ಚುತ್ತವೆ.